ನಿಯತಕಾಲಿಕ ಜಾಲ ಚಟುವಟಿಕೆಯ ಪತ್ತೆ (ಲಿನಕ್ಸ್)

ನಿಯತಕಾಲಿಕ ಜಾಲ ಚಟುವಟಿಕೆಯ ಪತ್ತೆ ಎಂದರೆ ಲಿನಕ್ಸ್ ಗಣಕವೊಂದು ಬಳಕೆದಾರರ ಆದೇಶವಿಲ್ಲದೆ ಆಗಾಗ ನಡೆಸುವ ದತ್ತಾಂಶ ವಿನಿಮಯಕ್ಕೆ ಕಾರಣವಾದ ಪ್ರೋಗ್ರಾಮನ್ನು ಗುರುತಿಸುವ ಕಾರ್ಯ. ಇಂತಹ ಚಟುವಟಿಕೆ ಬಹುಮಟ್ಟಿಗೆ ನಿರುಪದ್ರವಿ ಹಿನ್ನೆಲೆ ಸೇವೆಗಳದ್ದೇ ಆಗಿರುತ್ತದೆ. ಆದರೆ ಗಣಕದೊಳಗೆ ನುಸುಳಿದ ಕುತಂತ್ರಾಂಶವೂ ತನ್ನ ನಿಯಂತ್ರಕ ಸರ್ವರನ್ನು ಹೀಗೆಯೇ ಸಂಪರ್ಕಿಸುವುದರಿಂದ ಇವೆರಡನ್ನು ಬೇರ್ಪಡಿಸುವುದು ಅಗತ್ಯವಾಗುತ್ತದೆ.

ಸಾಮಾನ್ಯ ಕಾರಣಗಳು

ಎರಡು ಸಂಪರ್ಕಗಳ ನಡುವಿನ ಅಂತರವೇ ಮೊದಲ ಸುಳಿವು. ಅಂತರಜಾಲ ಲಭ್ಯವಿದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಸಕ್ರಿಯವಾಗಿದ್ದಲ್ಲಿ, ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ 300 ಸೆಕೆಂಡುಗಳಿಗೊಮ್ಮೆ ಒಂದು ಪುಟವನ್ನು ಕೋರುತ್ತದೆ. ಸಿಸ್ಟಮ್‌ಡಿಯ ಸಮಯ ಹೊಂದಾಣಿಕೆ ಸೇವೆಯು 32ರಿಂದ 2048 ಸೆಕೆಂಡುಗಳ ಅಂತರದಲ್ಲಿ ಯುಡಿಪಿ 123ನೇ ಪೋರ್ಟ್ ಮೂಲಕ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ತಂತ್ರಾಂಶ ಪಟ್ಟಿಯ ನವೀಕರಣ ದಿನಕ್ಕೆ ಎರಡು ಬಾರಿ ನಡೆಯುತ್ತದೆ. ಅದಕ್ಕೆ 12 ಗಂಟೆಗಳವರೆಗಿನ ಯಾದೃಚ್ಛಿಕ ವಿಳಂಬ ಸೇರುವುದರಿಂದ ನೋಡುವವರಿಗೆ ಅದು ಕ್ರಮವಿಲ್ಲದ್ದೆಂದೇ ತೋರುತ್ತದೆ.

ಪತ್ತೆಯ ವಿಧಾನ

1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ರಚಿತವಾದ ಟಿಸಿಪಿಡಂಪ್ ಇಂದಿಗೂ ಮೊದಲ ಸಾಧನ. ಪ್ಯಾಕೆಟ್ಟಿನ ಸಮಯ, ವಿಳಾಸ ಮತ್ತು ಪೋರ್ಟುಗಳನ್ನು ಅದು ತಿಳಿಸುತ್ತದೆ. ಕಳುಹಿಸಿದ ಪ್ರೋಗ್ರಾಂ ಯಾವುದೆಂಬುದನ್ನು ಲಿನಕ್ಸ್‌ನಲ್ಲಿ ತಿಳಿಸುವುದಿಲ್ಲ. ಆ ಸಂಬಂಧವನ್ನು ತೋರಿಸುವುದು 'ಎಸ್‌ಎಸ್' ಆದೇಶ. ಇತರ ಬಳಕೆದಾರರ ಪ್ರಕ್ರಿಯೆಗಳನ್ನೂ ಕಾಣಲು ಅದನ್ನು ರೂಟ್ ಅಧಿಕಾರದಿಂದ ನಡೆಸಬೇಕು.

ನಿಜವಾದ ತೊಡಕು ಇರುವುದು ಇಲ್ಲಿಯೇ. ಎಸ್‌ಎಸ್ ತೋರಿಸುವುದು ಆ ಕ್ಷಣದ ಸ್ಥಿತಿಯನ್ನು ಮಾತ್ರ. ಅರ್ಧ ಸೆಕೆಂಡಿನಲ್ಲಿ ಮುಗಿದ ಸಂಪರ್ಕವು ಟೈಮ್-ವೇಟ್ ಸ್ಥಿತಿಯಲ್ಲಿ ಪಟ್ಟಿಯಲ್ಲಿ ಉಳಿದಿದ್ದರೂ ಅದರೆದುರು ಪ್ರಕ್ರಿಯೆಯ ಹೆಸರಿರುವುದಿಲ್ಲ. ಆದ್ದರಿಂದ ಪದೇಪದೇ ಇಣುಕಿ ನೋಡುವುದಕ್ಕಿಂತ ಸಂಪರ್ಕ ಆರಂಭವಾಗುವ ಕ್ಷಣವನ್ನೇ ದಾಖಲಿಸುವುದು ಫಲಕಾರಿ. ಆಡಿಟ್‌ಡಿಯಲ್ಲಿ 'ಕನೆಕ್ಟ್' ವ್ಯವಸ್ಥಾ ಕರೆಗೆ ನಿಯಮ ಹಾಕಿ, ಅಥವಾ ಇಬಿಪಿಎಫ್ ಆಧಾರಿತ ಟಿಸಿಪಿಕನೆಕ್ಟ್ ಬಳಸಿ ಇದನ್ನು ಸಾಧಿಸಬಹುದು. ದೊರೆತ ಹೆಸರು 'ಕರ್ಲ್' ಎಂದಷ್ಟೇ ಇದ್ದರೆ ಶೋಧ ಮುಗಿದಂತಲ್ಲ. ಅದನ್ನು ಚಾಲನೆಗೊಳಿಸಿದ ಮಾತೃ ಪ್ರಕ್ರಿಯೆಯನ್ನೂ, ಕ್ರಾನ್ ಮತ್ತು ಸಿಸ್ಟಮ್‌ಡಿ ಟೈಮರ್‌ಗಳ ಪಟ್ಟಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಡಿಎನ್‌ಎಸ್ ವಿಚಾರಣೆಗಳು ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತವೆ. 127.0.0.53 ವಿಳಾಸದ ಸ್ಥಳೀಯ ಸೇವೆ ಮಧ್ಯವರ್ತಿಯಾಗಿರುವಲ್ಲಿ ಹೊರಹೋಗುವ ಪ್ಯಾಕೆಟ್ ಅದರದ್ದೇ ಆಗಿರುತ್ತದೆ. ಕೇಳಿದವರು ಯಾರೆಂದು ತಿಳಿಯಲು ಲೂಪ್‌ಬ್ಯಾಕ್ ಸಂಪರ್ಕಸಾಧನದ ಮೇಲೂ ಕಣ್ಣಿಡಬೇಕು.

ಮಿತಿಗಳು

ಅನೇಕ ಕುತಂತ್ರಾಂಶಗಳು ಸಂಪರ್ಕದ ಅಂತರವನ್ನು ಬೇಕೆಂದೇ ಏರುಪೇರು ಮಾಡುತ್ತವೆ. ಹೀಗಾಗಿ ಅಂತರ ನಿಖರವಾಗಿರುವುದು ದೋಷದ ಸಾಕ್ಷಿಯಲ್ಲ, ನಿಖರವಲ್ಲದಿರುವುದು ನಿರ್ದೋಷದ ಸಾಕ್ಷಿಯೂ ಅಲ್ಲ. ರೂಟ್‌ಕಿಟ್ ನೆಲೆಸಿದ ಗಣಕದಲ್ಲಿ ಮೇಲಿನ ಸಾಧನಗಳ ಉತ್ತರವನ್ನೇ ನಂಬಲಾಗದು. ಆಗ ರೌಟರಿನಂತಹ ಹೊರಗಿನ ಉಪಕರಣದಲ್ಲಿ ಪ್ಯಾಕೆಟ್ಟುಗಳನ್ನು ಸೆರೆಹಿಡಿದು, ಅದೇ ಅವಧಿಯಲ್ಲಿ ಗಣಕದೊಳಗೆ ಸೆರೆಹಿಡಿದವುಗಳೊಂದಿಗೆ ಹೋಲಿಸಲಾಗುತ್ತದೆ. ಹೊರಗೆ ಕಂಡ ಪ್ಯಾಕೆಟ್ ಒಳಗಿನ ದಾಖಲೆಯಲ್ಲಿ ಇಲ್ಲವೆಂದಾದರೆ ಗಣಕವನ್ನು ಜಾಲದಿಂದ ಬೇರ್ಪಡಿಸಿಯೇ ಮುಂದಿನ ತನಿಖೆ ನಡೆಸುವುದು ವಾಡಿಕೆ.