ಆಸ್ತಮಾದ ತೀವ್ರ ಉಲ್ಬಣ

ಆಸ್ತಮಾದ ತೀವ್ರ ಉಲ್ಬಣವೆಂದರೆ ಆಸ್ತಮಾ ಇರುವ ವ್ಯಕ್ತಿಯಲ್ಲಿ ಉಸಿರಾಟದ ತೊಂದರೆಯು ಕೆಲವು ನಿಮಿಷ, ಗಂಟೆ ಅಥವಾ ದಿನಗಳಲ್ಲಿ ಹೆಚ್ಚಾಗುವ ಸ್ಥಿತಿ. ಆಸ್ತಮಾವನ್ನು ಆಡುಮಾತಿನಲ್ಲಿ ಉಬ್ಬಸ, ಗೂರಲು, ದಮ್ಮು ಎನ್ನುತ್ತಾರೆ. ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಉಲ್ಬಣವು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

ಕಾರಣಗಳು

ಉಲ್ಬಣದ ವೇಳೆ ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ, ಒಳಪದರ ಊದಿಕೊಳ್ಳುತ್ತದೆ ಮತ್ತು ಕಫ ಹೆಚ್ಚುತ್ತದೆ. ಇದರಿಂದ ವಿಶೇಷವಾಗಿ ಉಸಿರು ಹೊರಬಿಡುವುದು ಕಷ್ಟವಾಗುತ್ತದೆ. ನೆಗಡಿಯಂತಹ ವೈರಾಣು ಸೋಂಕು, ಧೂಳು, ಹೊಗೆ, ಪರಾಗ, ತಂಪು ಗಾಳಿ ಹಾಗೂ ನಿತ್ಯದ ಔಷಧಿಯನ್ನು ನಿಲ್ಲಿಸುವುದು ಸಾಮಾನ್ಯ ಪ್ರಚೋದಕಗಳು.

ಬೆಂಗಳೂರಿನಲ್ಲಿ

ಹಲಸೂರು ಕೆರೆಯ ಬಳಿಯ ಲೇಕ್‌ಸೈಡ್ ಆಸ್ಪತ್ರೆಯ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ನಗರದ 18 ವರ್ಷದೊಳಗಿನ 20,000 ಮಕ್ಕಳನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಪ್ರಕಟಿಸಿದರು. ಅದರ ಪ್ರಕಾರ 1979ರಲ್ಲಿ ಶೇ. 9ರಷ್ಟಿದ್ದ ಆಸ್ತಮಾ 1999ರಲ್ಲಿ ಶೇ. 29.5ಕ್ಕೆ ಏರಿತ್ತು. ಇವು ಆಸ್ಪತ್ರೆಗೆ ಬಂದ ಮಕ್ಕಳ ಅಂಕಿಅಂಶಗಳಾದುದರಿಂದ ಇಡೀ ನಗರದ ಪ್ರಮಾಣವೆಂದು ಭಾವಿಸಲಾಗದು. ಶಾಲಾಮಕ್ಕಳ ಸಮೀಕ್ಷೆಯಲ್ಲಿ ವಾಹನ ದಟ್ಟಣೆಯ ಪ್ರದೇಶಗಳ ಮಕ್ಕಳಲ್ಲಿ, ಅದರಲ್ಲೂ ಬಡ ಕುಟುಂಬಗಳ ಮಕ್ಕಳಲ್ಲಿ, ಆಸ್ತಮಾ ಹೆಚ್ಚಾಗಿ ಕಂಡುಬಂದಿತು.

ಅಪಾಯದ ಲಕ್ಷಣಗಳು

* ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿರುವುದು
* ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇರುವುದು
* ತುಟಿ, ಉಗುರು ನೀಲಿಗಟ್ಟುವುದು
* ಮಂಪರು ಅಥವಾ ಗೊಂದಲ

ಉಸಿರಾಟದ ಕಷ್ಟ ಹಾಗೆಯೇ ಇದ್ದು ಸುಯ್‌ಗುಡುವ ಸದ್ದು ಮಾತ್ರ ನಿಂತರೆ ಅದು ಗುಣವಾಗುವ ಸೂಚನೆಯಲ್ಲ. ಗಾಳಿಯ ಸಂಚಾರ ಬಹಳ ಕುಗ್ಗಿದೆ ಎಂಬುದರ ಸೂಚನೆ.

ಪ್ರಥಮ ಚಿಕಿತ್ಸೆ

ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಬೇಕು. ವೈದ್ಯರು ಸೂಚಿಸಿರುವ ಸಾಲ್ಬುಟಮಾಲ್ ಇನ್ಹೇಲರನ್ನು ಸಾಧ್ಯವಾದರೆ ಸ್ಪೇಸರ್ ಮೂಲಕ, ಒಂದೊಂದೇ ಪಫ್‌ನಂತೆ ನೀಡಬೇಕು. ಅಪಾಯದ ಲಕ್ಷಣವಿದ್ದರೆ ಅಥವಾ ಔಷಧಿಯಿಂದ ಬೇಗ ಆರಾಮವಾಗದಿದ್ದರೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ 10 ಪಫ್‌ಗಳವರೆಗೆ ನೀಡಬಹುದು. ನಗರದ ಪೂರ್ವಭಾಗದಲ್ಲಿ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಹಾಗೂ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಸರ್ಕಾರಿ ಆಸ್ಪತ್ರೆಗಳಾಗಿವೆ.

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಸರ್ ಹಾಗೂ ಸ್ಟೀರಾಯ್ಡ್ ನೀಡಲಾಗುತ್ತದೆ. ಸ್ಟೀರಾಯ್ಡ್ ಪರಿಣಾಮ ಕಾಣಲು ಕೆಲವು ಗಂಟೆಗಳು ಬೇಕಾಗುವುದರಿಂದ ಅದನ್ನು ಬೇಗನೆ ಆರಂಭಿಸುತ್ತಾರೆ. ಹೃದಯ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮುಂತಾದವೂ ಇದೇ ರೀತಿ ಕಾಣಿಸಬಹುದಾದ್ದರಿಂದ ವೈದ್ಯರ ಪರೀಕ್ಷೆ ಅಗತ್ಯ.

ತಡೆಗಟ್ಟುವಿಕೆ

ಇನ್ಹೇಲರ್ ಚಟವಾಗುತ್ತದೆ ಎಂಬ ನಂಬಿಕೆ ತಪ್ಪು. ಉಸಿರಿನ ಮೂಲಕ ಸೇರುವ ಔಷಧಿಯು ನೇರವಾಗಿ ಶ್ವಾಸನಾಳವನ್ನು ತಲುಪುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ. ಸಾಲ್ಬುಟಮಾಲ್ ತಾತ್ಕಾಲಿಕ ಉಪಶಮನ ನೀಡುತ್ತದೆಯೇ ಹೊರತು ಊತವನ್ನು ಕಡಿಮೆ ಮಾಡುವುದಿಲ್ಲ. ಆದ್ದರಿಂದ ಅದನ್ನೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆಯನ್ನು ಆಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯು 2019ರಿಂದ ಶಿಫಾರಸು ಮಾಡುತ್ತಿಲ್ಲ. ಸ್ಟೀರಾಯ್ಡ್ ಇರುವ ಇನ್ಹೇಲರನ್ನು ವೈದ್ಯರ ಸಲಹೆಯಂತೆ ತಪ್ಪದೆ ಬಳಸುವುದರಿಂದ ಉಲ್ಬಣಗಳೂ ಸಾವಿನ ಅಪಾಯವೂ ಕಡಿಮೆಯಾಗುತ್ತವೆ.