ಪದಬಂಧ: ಒಂದು ಚೌಕ, ಒಂದು ಅಕ್ಷರ

ಆರ್ಥರ್ ವಿನ್ ರಚಿಸಿದ ಮೊದಲ ಪದಬಂಧವು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡದಲ್ಲಿ ಅ.ನ. ಪ್ರಹ್ಲಾದರಾವ್ ಅವರು ಸಾವಿರಾರು ಪದಬಂಧಗಳನ್ನು ರಚಿಸಿದ್ದಾರೆ. ನಮ್ಮ ಪದಬಂಧದ ಪ್ರತಿ ಚೌಕದಲ್ಲಿ ಕಾಗುಣಿತ, ಒತ್ತು ಸಮೇತ ಪೂರ್ಣಾಕ್ಷರವೊಂದು ನೆಲೆಸುತ್ತದೆ. ‘ಕಾವೇರಿ’ಗೆ ಮೂರು ಚೌಕ, ‘ಸ್ತ್ರೀ’ಗೆ ಒಂದೇ. ‘ಕಾವೇರಿ’ಯ ಕೊನೆಯ ಚೌಕವನ್ನು ‘ಅರಿವು’ ಹಾಯಬಲ್ಲದು, ‘ಅರಸು’ ಹಾಯಲಾರದು. ಬಿಡಿಸುವವರ ಪೇಚಾಟವೂ ಸಂತೋಷವೂ ಇಲ್ಲಿಯೇ.

ಬಂಗಾಳಿಗರು ಇದನ್ನು ‘ಶಬ್ದಛಕ್’ ಎನ್ನುತ್ತಾರೆ. ಬಂಗಾಳಿಯಲ್ಲಿ ಳಕಾರವಿಲ್ಲ, ಉಚ್ಚಾರಣೆಯಲ್ಲಿ ಹ್ರಸ್ವ-ದೀರ್ಘಗಳ ಭೇದವೂ ಉಳಿದಿಲ್ಲ. ಆದುದರಿಂದ ಕೋಲ್ಕತ್ತದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ‘ಹಳ್ಳಿ’ ಮತ್ತು ‘ಹಲ್ಲಿ’, ‘ಕೊಡು’ ಮತ್ತು ‘ಕೋಡು’ ಒಂದೇ ಆಗಿಬಿಡುವ ಭಯವುಂಟು. ಪದಬಂಧ ಇದನ್ನು ಒಪ್ಪದು: ಅಡ್ಡಸಾಲಿನಲ್ಲಿ ತಪ್ಪಿದರೆ ಉದ್ದಸಾಲು ಕೂಡುವುದಿಲ್ಲ. ಗದರದೆ ತಿದ್ದುವ ಗುರುವಿದು.