ಕ್ಯಾಲೆಂಡರಿನಿಂದ ಕಾಣೆಯಾದ ಹತ್ತು ದಿನಗಳು

ಕ್ರಿಸ್ಮಸ್ ಹಬ್ಬ ಪ್ರತಿವರ್ಷ ಡಿಸೆಂಬರ್ 25ರಂದೇ ಬರುತ್ತದೆ. ಪಾಸ್ಕ ಹಬ್ಬವಾದರೋ ಒಂದು ವರ್ಷ ಮಾರ್ಚ್ ತಿಂಗಳಲ್ಲಿ, ಮತ್ತೊಂದು ವರ್ಷ ಏಪ್ರಿಲ್‌ನಲ್ಲಿ. ಹೊಸ ಕ್ಯಾಲೆಂಡರ್ ಕೈಗೆ ಬಂದೊಡನೆ 'ಈ ಸಲ ಹಬ್ಬ ಯಾವಾಗ?' ಎಂದು ನಾವು ಹುಡುಕುವುದುಂಟು. ಉತ್ತರ ಇರುವುದು ಆಕಾಶದಲ್ಲಿ.

ಭೂಮಿಯು ಸುಮಾರು 23.4 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಆದುದರಿಂದ ವರ್ಷದ ಅರ್ಧಭಾಗ ಅದರ ಉತ್ತರ ಗೋಳಾರ್ಧ, ಇನ್ನರ್ಧ ದಕ್ಷಿಣ ಗೋಳಾರ್ಧ ಸೂರ್ಯನತ್ತ ಬಾಗಿರುತ್ತದೆ. ಈ ಬದಲಾವಣೆಯ ನಡುವೆ, ಮಾರ್ಚ್ 20ರ ಆಸುಪಾಸಿನಲ್ಲಿ, ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಬರುತ್ತಾನೆ. ಅಂದು ಹಗಲು ಇರುಳು ಹೆಚ್ಚುಕಡಿಮೆ ಸಮ. ಇದೇ ವಸಂತ ವಿಷುವ.

ಕ್ರಿ.ಶ. 325ರಲ್ಲಿ ಸೇರಿದ ನೈಸಿಯಾ ಮಹಾಸಭೆಯು ಕ್ರೈಸ್ತರೆಲ್ಲರೂ ಪಾಸ್ಕವನ್ನು ಒಂದೇ ದಿನ ಆಚರಿಸಬೇಕೆಂದು ತೀರ್ಮಾನಿಸಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಭಾನುವಾರವೇ ಹಬ್ಬ ಎಂಬ ನಿಯಮ ಕ್ರಮೇಣ ನೆಲೆಗೊಂಡಿತು.

ಆದರೆ ಜೂಲಿಯಸ್ ಸೀಸರನ ಕಾಲದ ಕ್ಯಾಲೆಂಡರಿನ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಾಗಿತ್ತು. ಹನ್ನೊಂದು ನಿಮಿಷ ಯಾವ ಲೆಕ್ಕ ಎನ್ನಬಹುದು. ಅದೇ ಕೂಡಿ ಕೂಡಿ 128 ವರ್ಷಕ್ಕೆ ಒಂದು ದಿನವಾಯಿತು. 16ನೇ ಶತಮಾನದ ಹೊತ್ತಿಗೆ ವಿಷುವವು ಮಾರ್ಚ್ 11ಕ್ಕೇ ಬಂದುಹೋಗುತ್ತಿತ್ತು. ಹಬ್ಬದ ಲೆಕ್ಕ ಮಾತ್ರ 21ನ್ನೇ ಹಿಡಿದಿತ್ತು.

ಇಟಲಿಯ ವೈದ್ಯ ಲುಯಿಜಿ ಲಿಲಿಯೊ ಇದಕ್ಕೊಂದು ಪರಿಹಾರ ಹುಡುಕಿದರು. ಯೇಸುಸಭೆಯ ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಅದನ್ನು ಸಮರ್ಥಿಸಿ ವಿವರಿಸಿದರು. ಪೋಪ್ 13ನೇ ಗ್ರೆಗೊರಿಯವರ ಆಜ್ಞೆಯಂತೆ 1582ರ ಅಕ್ಟೋಬರ್ 4, ಗುರುವಾರದ ಮರುದಿನ ಶುಕ್ರವಾರ, ಅಕ್ಟೋಬರ್ 15 ಆಯಿತು! ಆವಿಲಾದ ಸಂತ ತೆರೇಸಾ ದೈವಾಧೀನರಾದದ್ದು ಅದೇ ರಾತ್ರಿ. ಅವರ ಹಬ್ಬವನ್ನು ನಾವು ಇಂದಿಗೂ ಅಕ್ಟೋಬರ್ 15ರಂದು ಆಚರಿಸುತ್ತೇವೆ.

ಬಹುಪಾಲು ಆರ್ಥೊಡಾಕ್ಸ್ ಸಭೆಗಳು ಪಾಸ್ಕಕ್ಕೆ ಹಳೆಯ ಲೆಕ್ಕವನ್ನೇ ಉಳಿಸಿಕೊಂಡವು. 2024ರಲ್ಲಿ ನಮ್ಮ ಹಬ್ಬ ಮಾರ್ಚ್ 31ರಂದು, ಅವರದು ಮೇ 5ರಂದು. ನೈಸಿಯಾದ 1700ನೇ ವರ್ಷವಾದ 2025ರಲ್ಲಿ ಮಾತ್ರ ಎರಡೂ ಏಪ್ರಿಲ್ 20ರಂದೇ ಕೂಡಿಬಂದವು. ಆ ಮಹಾಸಭೆ ಬಯಸಿದ ಐಕ್ಯ ಇನ್ನೂ ನಮ್ಮ ಪ್ರಾರ್ಥನೆಯಲ್ಲೇ ಉಳಿದಿದೆ.

ಪ್ರಿಯರೇ, ಲೆಕ್ಕ ತಪ್ಪಿದಾಗ ಧರ್ಮಸಭೆ ಸೂರ್ಯನನ್ನು ದೂರಲಿಲ್ಲ. ತನ್ನ ಪುಸ್ತಕವನ್ನು ತಿದ್ದಿಕೊಂಡಿತು. ನಮ್ಮ ಬಾಳಿನಲ್ಲೂ ದಿನಕ್ಕಿಷ್ಟೆಂದು ಸೇರುವ ಸಣ್ಣ ತಪ್ಪುಗಳುಂಟು. ಅವನ್ನು ಒಪ್ಪಿ ತಿದ್ದಿಕೊಳ್ಳಲು ತಪಸ್ಸುಕಾಲಕ್ಕಿಂತ ಒಳ್ಳೆಯ ಸಮಯ ಬೇರೆ ಯಾವುದು?